ಕೊರಿಯಾ ಅಜ್ಜಿಯ ಹಂದಿ ಬಾಡು

ಲಕ್ವ ಹೊಡೆದು ಚಲುವಮ್ಮನ ಮಾತು ಹೋಗಿ ಏಳು ತಿಂಗಳಾಗಿತ್ತು. ಪೂರ್ತಿ ಹೋಗಿತ್ತು ಅನ್ನುವಂತಿಲ್ಲ. ‘ಹೂಂ’ ಇತ್ತು, ‘ಅಯ್ಯೋ’ ಇತ್ತು, ಒಂದರಿಂದ ಎಣಿಸಿ ಅಂದರೆ ಇಪ್ಪತ್ತರವರೆಗೂ ಸರಾಗವಾಗಿ ಎಣಿಸುತ್ತಿದ್ದಳು. ಅದು ಬಿಟ್ಟರೆ ‘ಪುಸ್ತಕ’ ಅನ್ನುವ ಒಂದೇ ಪದ ಅವಳ ನಾಲಗೆಗೆ ಅಂಟಿಕೊಂಡು ಕೂತಿತ್ತು. ನೀರು ಬೇಕಾದರೂ ಪುಸ್ತಕ, ಫ್ಯಾನು ಆರಿಸಬೇಕಾದರೂ ಪುಸ್ತಕ. ಸರಸ್ವತಿಪುರಂನಿಂದ ಮಗಳು ತನುಶ್ರೀ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ, ಮುಖವನ್ನೆಲ್ಲ ಅರಳಿಸಿಕೊಂಡು ‘ಪುಸ್ತಕ!’ ಅನ್ನುತ್ತಿದ್ದಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಉಳಿದುಳಿದು ಇದೇ ಪದ ಯಾಕೆ ಉಳಿಯಿತೋ ಗಂಡ ನಿಂಗಯ್ಯನಿಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದ್ದಳಲ್ಲ, ಅಲ್ಲಿಂದ ಬಂದಿರಬೇಕು ಅಂದುಕೊಂಡಿದ್ದ. ಡಾಕ್ಟರನ್ನು ಕೇಳಿದರೆ, ‘ಅದಕ್ಕೆ ಅರ್ಥ ಹುಡುಕಬೇಡಿ. ಮೆದುಳಿಗೆ ಪೆಟ್ಟು ಬಿದ್ದಾಗ ಹಿಂಗೆ ಒಂದೊಂದು ಪದ ಸಿಕ್ಕಿಹಾಕಿಕೊಂಡುಬಿಡುತ್ತೆ’ ಅಂದಿದ್ದರು.

ಬಲಗೈ, ಬಲಗಾಲು ಕೂಡ ಸೋತಿದ್ದವು. ಕಾಲು ಹೇಗೋ ನಡೆಯುವಷ್ಟು ಬಂತು. ಕೈ ಮಾತ್ರ ಮಡಿಲಲ್ಲಿ ಮಲಗಿಸಿದ ಮಗುವಿನ ಹಾಗೆ ಬಿದ್ದಿರುತ್ತಿತ್ತು.

ಮಂಗಳವಾರ, ಶುಕ್ರವಾರ ನಿಂಗಯ್ಯ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ವಿಜಯನಗರದ ಮನೆಯಿಂದ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತಿದ್ದ. ಅಲ್ಲಿ ನಿಶ್ಚಿತಾ ಅನ್ನುವ ಹುಡುಗಿ ಚಿತ್ರ ತೋರಿಸಿ ಮಾತು ಕಲಿಸುತ್ತಿದ್ದಳು. ಚಲುವಮ್ಮನಿಗಿಂತ ಹೆಚ್ಚು ಬೈಸಿಕೊಳ್ಳುತ್ತಿದ್ದವನು ನಿಂಗಯ್ಯನೇ. ‘ಅಪ್ಪಾಜಿ, ಅವರ ಬಾಯಿಗೆ ನೀವು ಮಾತು ತುರುಕಬೇಡಿ. ಕಾಯಿರಿ. ಮನಸ್ಸಲ್ಲೇ ಇಪ್ಪತ್ತು ಎಣಿಸಿ, ಆಮೇಲೂ ಬರದಿದ್ದರೆ ಸಹಾಯ ಮಾಡಿ.’

ಎಣಿಸಲು ಹೋಗಿ ಆರಕ್ಕೋ ಏಳಕ್ಕೋ ಅವನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಮೂವತ್ತೈದು ವರ್ಷ ಲೈನ್‌ಮನ್ ಆಗಿ ಕಂಬದ ಮೇಲಿಂದ ಕೆಳಗಿನವರಿಗೆ ಕೂಗಿ ಕೂಗಿ ಬೆಳೆದ ಗಂಟಲು ಅದು. ಮನೆಯಲ್ಲಿ ಮಾತೆಲ್ಲ ಅವನದೇ. ಅವಳು ಮೊದಲಿನಿಂದಲೂ ಮೆತ್ತಗಿನವಳು, ಅವನ ಮಾತು ಮುಗಿದ ಮೇಲೆ ಉಳಿದ ಜಾಗದಲ್ಲಿ ಒಂದೆರಡು ಮಾತು ಆಡುತ್ತಿದ್ದಳು.

ಹೊತ್ತು ಹೋಗಲೆಂದು ತನುಶ್ರೀ ತನ್ನ ಹಳೇ ಫೋನನ್ನು ಅಮ್ಮನಿಗೆ ಕೊಟ್ಟಿದ್ದಳು. ಧಾರಾವಾಹಿ ಹಾಕಿಕೊಟ್ಟರೆ ಚಲುವಮ್ಮ ಎರಡು ನಿಮಿಷ ನೋಡಿ ಫೋನು ಬೋರಲು ಹಾಕುತ್ತಿದ್ದಳು. ಕನ್ನಡದ ಅಡುಗೆ ಕಾರ್ಯಕ್ರಮ ಹಾಕಿಕೊಟ್ಟರಂತೂ ಕಣ್ಣಲ್ಲಿ ನೀರೇ ಬಂದುಬಿಡುತ್ತಿತ್ತು. ಹಾಗಿರುವಾಗ ಒಂದು ದಿನ ಎಡಗೈ ಹೆಬ್ಬೆಟ್ಟು ಎಲ್ಲೋ ತಾಕಿ, ಯಾವುದೋ ಕೊರಿಯಾದ ಅಜ್ಜಿ ಬಂದಳು. ಬೆಳ್ಳಗೆ ಗುಂಗುರು ಕೂದಲು, ನೇರಳೆ ಏಪ್ರನ್ನು, ಕುಳ್ಳಗೆ ನಮ್ಮ ಕಡೆಯ ಯಾವುದೋ ಅಜ್ಜಿಯೇ ಅನ್ನಬೇಕು. ನೆಲದ ಮೇಲೆ ಕಾಲು ಚಾಚಿ ಕೂತು ಎಲೆಕೋಸು ಹೆಚ್ಚುತ್ತ ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದಳು. ಅವತ್ತಿನಿಂದ ಚಲುವಮ್ಮನಿಗೆ ಬೆಳಿಗ್ಗೆ ಆ ಅಜ್ಜಿ, ಸಂಜೆ ಆ ಅಜ್ಜಿ. ಅದರಲ್ಲೂ ಒಂದು ಅಡುಗೆಯನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದಳು. ತೆಳ್ಳಗೆ ಕೊಯ್ದ ಬಾಡು, ಈರುಳ್ಳಿ, ಕ್ಯಾರೆಟ್ಟು, ಕೋಸು, ಕೆಂಪಗಿನ ಖಾರ, ದೊಡ್ಡ ಉರಿಯಲ್ಲಿ ಬಾಣಲಿ. ಹತ್ತು ನಿಮಿಷಕ್ಕೆ ಕೆಲಸ ಮುಗಿದು ಅಜ್ಜಿ ತಟ್ಟೆ ಎತ್ತಿ ತೋರಿಸಿ ನಗುತ್ತಿದ್ದಳು.

ಒಂದು ಸಂಜೆ ನಿಂಗಯ್ಯ ಪಕ್ಕದಲ್ಲಿ ಬಂದು ಕೂತ. ‘ಏನಂತಾವ್ಳಮ್ಮಿ ಈವಮ್ಮ?’

ಚಲುವಮ್ಮ ಅವನ ಕಡೆ ತಿರುಗಿದಳು. ಎಡಗೈ ಅಂಗೈ ಮೇಲೆತ್ತಿ, ಯಾರಿಗೆ ಗೊತ್ತು ಅನ್ನುವ ಹಾಗೆ ತಿರುವಿದಳು. ಆಮೇಲೆ ನಕ್ಕಳು. ಬಾಯಿ ಒಂದು ಪಕ್ಕ ವಾಲಿದರೂ ಸದ್ದು ಮಾಡಿ ನಕ್ಕಳು.

ಆಗ ನಿಂಗಯ್ಯನಿಗೆ ಹೊಳೆಯಿತು. ಧಾರಾವಾಹಿಯವರ ಮಾತು ಊರಿಗೆಲ್ಲ ಅರ್ಥವಾಗುತ್ತದೆ, ಇವಳೊಬ್ಬಳು ಹಿಂದೆ ಬೀಳುತ್ತಾಳೆ. ಈ ಅಜ್ಜಿಯ ಮಾತು ಅವನಿಗೂ ತಿಳಿಯದು, ಮಗಳಿಗೂ ತಿಳಿಯದು. ಕೈಕೆಲಸ ನೋಡಿದರೆ ಮಾತ್ರ ಎಲ್ಲವೂ ತಿಳಿಯುತ್ತದೆ. ಮುನ್ನೂರು ಮಕ್ಕಳಿಗೆ ಅಡುಗೆ ಮಾಡಿದವಳಿಗೆ ಅದು ತಿಳಿಯುವಷ್ಟು ಬೇರೆಯವರಿಗೆ ತಿಳಿಯುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ ಚಲುವಮ್ಮ ಫೋನನ್ನು ಗಂಡನ ಮುಂದಿಟ್ಟಳು. ಮೊದಲು ಅದರಲ್ಲಿನ ಬಾಣಲಿಯನ್ನು ತೋರಿಸಿದಳು, ಆಮೇಲೆ ತನ್ನ ಎದೆ ಮುಟ್ಟಿಕೊಂಡಳು, ಆಮೇಲೆ ಅಡುಗೆಮನೆಯ ಕಡೆ ಬೆರಳು ಮಾಡಿದಳು.

‘ಅದ ಮಾಡ್ಬೇಕಾ? ನೀನಾ?’

‘ಹೂಂ.’

ನಿಂಗಯ್ಯನಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಕಾಯಿಲೆ ಬಿದ್ದ ಮೇಲೆ ಅವಳು ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ‘ಅದ್ಕೇನಂತೆ, ಮಾಡಾನ ಬುಡು. ಬಾಡು ತತ್ತೀನಿ. ಕೋಳಿ ತರ್ಲಾ?’

ತಲೆ ಅಡ್ಡಡ್ಡ ಆಡಿತು.

‘ಮರಿ ಬಾಡು?’

ಅದೂ ಅಲ್ಲ.

‘ಮೀನಾ? ಸೀಗಡಿಯಾ? ಅದ್ ನೋಡುದ್ರೆ ಮೀನಂಗಿಲ್ಲ ಕಣೆ. ಕೋಳಿನೇ ಇರ್ಬೇಕು, ಸಣ್ಣಗ್ ಕೊಯ್ದವ್ಳೆ ಅಷ್ಟೇಯ…’

‘ಪುಸ್ತಕ!’ ಚಲುವಮ್ಮ ಮಂಚಕ್ಕೆ ಎಡಗೈಯಿಂದ ಬಡಿದಳು. ಕಣ್ಣು ಕೆಂಪಾಗಿತ್ತು. ಪದ ಎಲ್ಲೋ ಹತ್ತಿರದಲ್ಲೇ ಇದೆ, ಕೈಗೆ ಸಿಕ್ಕುತ್ತಿಲ್ಲ ಅನ್ನುವುದು ಅವಳ ತುಟಿಯಲ್ಲೇ ಕಾಣುತ್ತಿತ್ತು. ನಿಂಗಯ್ಯ ಬಾಯಿ ಮುಚ್ಚಿ ಎಣಿಸತೊಡಗಿದ. ಒಂದು, ಎರಡು, ಮೂರು. ಹನ್ನೊಂದಕ್ಕೆ ಬರುವಷ್ಟರಲ್ಲಿ ಚಲುವಮ್ಮ ತೋರುಬೆರಳಿನಿಂದ ತನ್ನ ಮೂಗಿನ ತುದಿಯನ್ನು ಮೇಲಕ್ಕೆ ಒತ್ತಿ ಹಿಡಿದು, ಗಂಟಲೊಳಗೆ ‘ಗುರ್ರ್, ಗುರ್ರ್’ ಅಂದಳು.

ನಿಂಗಯ್ಯ ಮೊದಲು ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು. ಆಮೇಲೆ ಅವನ ನಗು ನಿಧಾನವಾಗಿ ಇಳಿಯಿತು.

ಆ ಮನೆಯಲ್ಲಿ ಯಾವತ್ತೂ ಹಂದಿ ಬೆಂದಿರಲಿಲ್ಲ. ಕುರಿ ಕೋಳಿಗೆ ತಕರಾರಿಲ್ಲ, ಹಂದಿ ಮಾತ್ರ ಮನೆದೇವರಿಗೆ ಆಗುವುದಿಲ್ಲ ಎಂದು ನಿಂಗಯ್ಯನ ತಾಯಿ ಮೂವತ್ತನಾಲ್ಕು ವರ್ಷದ ಹಿಂದೆ, ಸೊಸೆ ಬಂದ ವಾರವೇ ಹೇಳಿದ್ದರು. ಚಲುವಮ್ಮನ ತವರು ನಂಜನಗೂಡಿನ ಕಡೆ. ಅಲ್ಲಿ ಹಬ್ಬಕ್ಕೆ, ನೆಂಟರು ಬಂದರೆ, ಹಂದಿ ಬಾಡೇ ಆಗಬೇಕು. ಅತ್ತೆ ಹೇಳಿದ್ದಕ್ಕೆ ಚಲುವಮ್ಮ ತಲೆಯಾಡಿಸಿದ್ದಳು. ಆ ಮಾತು ಮತ್ತೆ ಯಾವತ್ತೂ ಬಂದಿರಲಿಲ್ಲ. ತಾಯಿ ತೀರಿಕೊಂಡು ಒಂಬತ್ತು ವರ್ಷವಾದ ಮೇಲೂ ಬಂದಿರಲಿಲ್ಲ.

ನಿಂಗಯ್ಯ ಎದ್ದು ಶರ್ಟು ಹಾಕಿಕೊಂಡ. ‘ತತ್ತೀನಿ ಕಣಮ್ಮಿ’ ಅಂದ.

ಮಗಳಿಗೆ ಫೋನು ಮಾಡಿದ. ಅವಳು ‘ಅಪ್ಪಾ, ನೀನು? ಹಂದಿ?’ ಅಂದಳು. ಆಮೇಲೆ ಸಾಮಾನಿನ ಪಟ್ಟಿ ಹೇಳಿದಳು. ಕೆಂಪು ಡಬ್ಬಿಯಲ್ಲಿ ಕೊರಿಯಾದ ಖಾರದ ಪೇಸ್ಟು ಬರುತ್ತದೆ, ಯೋಗ ಕಲಿಯಲು ಬರುವ ಹೊರದೇಶದವರಿಗಾಗಿ ಜಯಲಕ್ಷ್ಮಿಪುರಂನ ಅಂಗಡಿಯಲ್ಲಿ ಇಟ್ಟಿರುತ್ತಾರೆ. ಸೋಯಾ ಸಾಸು ಎಲ್ಲಿಯಾದರೂ ಸಿಕ್ಕುತ್ತದೆ. ‘ಡಾಕ್ಟ್ರು ಉಪ್ಪು, ಎಣ್ಣೆ ಕಡಿಮೆ ಅಂದಿದಾರೆ, ನೆನಪಿದೆಯಲ್ಲ? ಕೊಬ್ಬಿಲ್ಲದ್ದು ಕೇಳಿ ತಗೋ. ನಾನು ಮಧ್ಯಾಹ್ನ ಬರ್ತೀನಿ.’

ಹಂದಿ ಬಾಡಿನ ಅಂಗಡಿ ಅವನಿಗೆ ಗೊತ್ತಿದ್ದದ್ದು ಒಂದೇ. ಮೇಟಗಳ್ಳಿಯ ಕಡೆ, ಚಲುವಮ್ಮನ ಶಾಲೆಯಿಂದ ಎರಡು ರಸ್ತೆ ಆಚೆ. ಅವಳನ್ನು ಸ್ಕೂಟರಿನಲ್ಲಿ ಬಿಡಲು ಹೋಗುವಾಗ ಬೋರ್ಡು ನೋಡಿದ್ದ. ಜವರಪ್ಪ ಅನ್ನುವವರು ಮುಂದೆ ಬಾಡು ಕಡಿಯುತ್ತಿದ್ದರು, ಹಿಂದೆ ಶೀಟಿನ ಮಾಡಿನಡಿ ಅವರ ಹೆಂಡತಿ ನೀಲಮ್ಮ ನಾಲ್ಕು ಬೆಂಚಿನ ಹೋಟೆಲು ನಡೆಸುತ್ತಿದ್ದರು. ನಿಂಗಯ್ಯನಿಗೆ ಹೇಗೆ ಕೇಳಬೇಕೆಂದೇ ತೋಚಲಿಲ್ಲ. ಕಳ್ಳನ ಹಾಗೆ ಅತ್ತಿತ್ತ ನೋಡಿ, ‘ಕೊಬ್ಬಿಲ್ಲದ್ದು ಒಂದರ್ಧ ಕೇಜಿ. ತೆಳ್ಳಗೆ ಕೊಯ್ದು ಕೊಡಿ. ಮನೆಯವ್ರಿಗೆ ಉಷಾರಿಲ್ಲ, ಮಾತ್ ಬರಾಕಿಲ್ಲ, ಆಸೆ ಪಟ್ಟವ್ರೆ’ ಅಂತ ಒಂದೇ ಉಸಿರಿಗೆ ಹೇಳಿದ. ಸುಮ್ಮನಿರಲಾಗದೆ ಮತ್ತೆ ಸೇರಿಸಿದ, ‘ಇಲ್ಲೇ ಇಸ್ಕೂಲಲ್ಲಿ ಅಡಿಗೆ ಮಾಡ್ತಿದ್ರು.’

ಒಳಗಿನಿಂದ ನೀಲಮ್ಮ ಕೈ ಒರೆಸಿಕೊಳ್ಳುತ್ತ ಬಂದರು. ‘ಯಾರು, ನಮ್ ಚಲುವಕ್ಕನಾ? ಅಯ್ ಸಿವನೇ, ಏನಾಯ್ತು ಅಕ್ಕಂಗೆ?’

‘ನಿಮ್ಗೆಂಗೆ ಗೊತ್ತು ಅವ್ಳು?’

‘ಗೊತ್ತಿಲ್ದೆ ಏನು! ತಿಂಗ್ಳಿಗೊಂದ್ ದಪ ಬತ್ತಿದ್ರು. ಇಸ್ಕೂಲ್ ಪಾತ್ರೆ ಎಲ್ಲ ತೊಳ್ದಾಕ್ಬುಟ್ಟು ಮೂರ್ ಗಂಟೆ ಮ್ಯಾಲೆ. ಎಲ್ಡ್ ಇಡ್ಲಿ, ಒಂದ್ ಪ್ಲೇಟ್ ಬಾಡು. ಆ ಮೂಲೆ ಬೆಂಚಲ್ಲಿ ಗ್ವಾಡೆ ಕಡೆ ಮಖ ಮಾಡ್ಕಂಡ್ ತಿನ್ನೋರು. ತಿಂದ್ಬುಟ್ಟು ಸೋಂಪು ಅಗ್ಕಂಡು ಓಯ್ತಿದ್ರು. ಈಗ ಬತ್ತಾನೇ ಇರ್ನಿಲ್ಲ, ಎಲ್ಗೋ ವರ್ಗ ಆಗೋಯ್ತೇನೋ ಅಂದ್ಕಂಡಿದ್ದೆ.’

‘ಎಷ್ಟ್ ವರ್ಸದಿಂದ?’

‘ನಮ್ ದೊಡ್ಡವ್ಳು ಹುಟ್ದಾಗಿಂದ್ಲೂ ಬತ್ತಿದ್ರು. ಅವ್ಳ್ಗೀಗ ಹದಿನೆಂಟು.’

ನಿಂಗಯ್ಯ ಮೂಲೆಯ ಬೆಂಚು ನೋಡಿದ. ಎದುರಿಗೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಹೊಗೆ ಹಿಡಿದು ಕಪ್ಪಾದ ಇಟ್ಟಿಗೆ ಗೋಡೆ. ಜವರಪ್ಪ ಪೊಟ್ಟಣ ಕೈಗಿತ್ತು ಏನೋ ಹೇಳಿದರು. ಅದು ಅವನ ಕಿವಿಗೆ ಬೀಳಲಿಲ್ಲ.

ಸ್ಕೂಟರು ನಡೆಸುತ್ತ ಜಯಲಕ್ಷ್ಮಿಪುರಂಗೆ ಹೋದ, ಕೆಂಪು ಡಬ್ಬಿ ತೆಗೆದುಕೊಂಡ, ವಿಜಯನಗರಕ್ಕೆ ತಿರುಗಿದ. ದಾರಿ ಉದ್ದಕ್ಕೂ ಒಂದೇ ಯೋಚನೆ. ಅವಳಿಗೆ ಆಗ ಬಾಯಿ ತುಂಬ ಮಾತಿತ್ತು. ಹದಿನೆಂಟು ವರ್ಷ ದಿನಾ ಸಂಜೆ ಒಂದೇ ಮನೆಯಲ್ಲಿ ಕೂತು ಕಾಫಿ ಕುಡಿದಿದ್ದರು. ಅವನು ಲೈನಿನ ಕಥೆ, ಟ್ರಾನ್ಸ್‌ಫಾರ್ಮರಿನ ಕಥೆ, ಮೇಲಿನವರ ಕಥೆ ಎಲ್ಲ ಹೇಳುತ್ತಿದ್ದ. ಅವಳು ಕೇಳಿಸಿಕೊಳ್ಳುತ್ತಿದ್ದಳು.

ಮನೆಗೆ ಬಂದವನು ಹೋಟೆಲಿನ ವಿಷಯ ಎತ್ತಲಿಲ್ಲ. ಅಡುಗೆಮನೆಯಲ್ಲಿ ದೇವರ ಗೂಡಿದೆ, ಹಿತ್ತಲಲ್ಲಿ ಬೇಯಿಸಿಬಿಡೋಣ ಎಂದು ಒಲೆಯ ಪೈಪು ಬಿಚ್ಚಲು ಬಗ್ಗಿದ. ಆಮೇಲೆ ಚಲುವಮ್ಮನನ್ನು ನೋಡಿದ. ಅವಳಾಗಲೇ ಬಂದು ಅಡುಗೆಕಟ್ಟೆಗೆ ಸೊಂಟ ಕೊಟ್ಟು, ಸೋತ ಕೈಯನ್ನು ಕಲ್ಲಿನ ಮೇಲೆ ಎತ್ತಿಟ್ಟುಕೊಂಡು ನಿಂತಿದ್ದಳು. ಹಿತ್ತಲಲ್ಲಿ ಒರಗಲು ಕಟ್ಟೆ ಎಲ್ಲಿದೆ? ಅವನು ಪೈಪನ್ನು ಮತ್ತೆ ಬಿಗಿ ಮಾಡಿ, ಗೂಡಿನ ಮುಂದೆ ನಿಂತು ಕೈಮುಗಿದು, ‘ಅವ್ಳು ಕಟ್ಟೆಗೆ ಒರಗ್ಕಬೇಕು ಕಣಪ್ಪ, ಹೊಟ್ಟೆಗಾಕ್ಕೊ’ ಅಂದ.

ಈರುಳ್ಳಿ ಹೆಚ್ಚಿದ್ದು ಅವನು. ಗೆಣಸಿನ ಹೋಳಿನಷ್ಟು ದಪ್ಪ ಬಂತು. ಚಲುವಮ್ಮ ಒಂದು ಹೋಳು ಎತ್ತಿ ಅವನ ಮುಖದ ಮುಂದೆ ಹಿಡಿದಳು. ಅವಳ ಕಣ್ಣು ಹೇಳಿದ್ದನ್ನು ಹೇಳಲು ಯಾವ ಭಾಷೆಯೂ ಬೇಕಿರಲಿಲ್ಲ. ಆಮೇಲೆ ಅವಳೇ ಎಡಗೈಗೆ ಚಾಕು ತೆಗೆದುಕೊಂಡಳು. ಕ್ಯಾರೆಟ್ಟನ್ನು ಹಿಡಿಯುವವರು ಯಾರು? ಬಲಗೈ ಏಳುವುದಿಲ್ಲ. ನಿಂಗಯ್ಯ ತನ್ನ ಬೆರಳು ಮುಂದೆ ಇಟ್ಟ. ಹೈವೋಲ್ಟೇಜ್ ತಂತಿ ಮುಟ್ಟಿದ ಬೆರಳುಗಳು. ಎಡಗೈ ಚಾಕು ಒಂದೊಂದು ಏಟಿಗೂ ನಡುಗುತ್ತ ಅವುಗಳ ಹತ್ತಿರ ಬರುತ್ತಿತ್ತು, ಅವನು ಬೆರಳು ಹಿಂದಕ್ಕೆ ತೆಗೆಯಲಿಲ್ಲ. ಮೊದಲ ಕ್ಯಾರೆಟ್ಟು ಹಾಳಾಯಿತು. ಎರಡನೆಯದರ ಅರ್ಧದಿಂದ ಹೋಳುಗಳು ಎಲೆಯಷ್ಟು ತೆಳ್ಳಗಾದವು. ಒಂದು ಕ್ಯಾರೆಟ್ಟಿಗೆ ಕಾಲು ಗಂಟೆ ಹಿಡಿಯಿತು. ಕೊರಿಯಾ ಅಜ್ಜಿ ಅಷ್ಟು ಹೊತ್ತಿಗೆ ಫೋನಿನಲ್ಲಿ ಅಡುಗೆ ಮುಗಿಸಿ, ತಟ್ಟೆ ತೋರಿಸಿ, ಮತ್ತೆ ಮೊದಲಿನಿಂದ ಶುರುಮಾಡಿದ್ದಳು.

ಕೆಂಪು ಡಬ್ಬಿ ತೆರೆದಾಗ ಚಲುವಮ್ಮ ಬೆರಳಲ್ಲಿ ತೆಗೆದು ನೆಕ್ಕಿ ನೋಡಿದಳು. ಹುಳಿ, ಸಿಹಿ, ಆಮೇಲೆ ನಿಧಾನವಾಗಿ ಏರುವ ಖಾರ. ಹುಬ್ಬು ಗಂಟಿಕ್ಕಿ ಯೋಚಿಸಿ, ಬೆಳ್ಳುಳ್ಳಿಯ ಡಬ್ಬಿ ತೋರಿಸಿದಳು. ಅಜ್ಜಿ ಆರು ಎಸಳು ಹಾಕಿದ್ದಳು, ಇವಳು ಹತ್ತು ಹಾಕಿಸಿದಳು. ಶುಂಠಿ ಜಜ್ಜಿಸಿದಳು. ಅಜ್ಜಿ ಸಕ್ಕರೆ ಹಾಕಿದ ಕಡೆ ಬೆಲ್ಲದ ಪುಡಿ ಒಂದು ಚಿಟಿಕೆ, ಸೋಯಾ ಸಾಸು ಒಂದೇ ಚಮಚ. ಎಲ್ಲವನ್ನೂ ಬಾಡಿಗೆ ಕಲಸಿ ಅರ್ಧ ಗಂಟೆ ಮುಚ್ಚಿಟ್ಟರು.

ಬಾಣಲಿ ಕಾಯಿತು. ಬಾಡು ಬಿದ್ದೊಡನೆ ಚೊರ್ ಅಂತ ಸದ್ದೆದ್ದು, ಖಾರದ ಘಾಟು ಇಬ್ಬರಿಗೂ ಕೆಮ್ಮು ತಂದಿತು. ನಿಂಗಯ್ಯ ಹೆದರಿ ಉರಿ ಸಣ್ಣ ಮಾಡಲು ಕೈಹಾಕಿದ.

‘ಬ್ಯಾಡ!’

ಅವನ ಕೈ ಅಲ್ಲೇ ನಿಂತಿತು.

‘ತಿರ್ಗ್ಸು, ತಿರ್ಗ್ಸು! ತಳ ಹತ್ತುತ್ತೆ! ಥೂ…’

ಏಳು ತಿಂಗಳಾದ ಮೇಲೆ ಆ ಮನೆಯಲ್ಲಿ ನಿಂಗಯ್ಯನಿಗೆ ಬೈಗುಳ ಬಿದ್ದಿತ್ತು. ಅವನು ಸೌಟು ಹಿಡಿದುಕೊಂಡು ಹೆಂಡತಿಯನ್ನೇ ನೋಡುತ್ತ ನಿಂತುಬಿಟ್ಟ. ತನ್ನ ಬಾಯಿಂದ ಏನು ಬಂತೆಂದು ಚಲುವಮ್ಮನಿಗೇ ಗೊತ್ತಿರಲಿಲ್ಲ. ಅವಳ ಕಣ್ಣು ಬಾಣಲಿಯ ಮೇಲೇ ಇತ್ತು. ಅವನು ಅಲುಗಾಡದ್ದು ಕಂಡು ಸೌಟನ್ನು ತಾನೇ ಕಿತ್ತುಕೊಂಡು ಎಡಗೈಯಲ್ಲಿ ಮಗುಚತೊಡಗಿದಳು. ನಿಂಗಯ್ಯ ಬಾಣಲಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಘಾಟಿಗೂ ಅಷ್ಟು ನೀರು ಬರುತ್ತದೆ. ಈರುಳ್ಳಿ ಬಿತ್ತು, ಕ್ಯಾರೆಟ್ಟು ಬಿತ್ತು, ಕೊನೆಗೆ ಕೋಸು. ಕೋಸು ಇನ್ನೂ ಗರಿಗರಿ ಇರುವಾಗಲೇ ಅವಳು ‘ಹೂಂ’ ಅಂದಳು. ಅವನು ಒಲೆ ಆರಿಸಿದ.

ಇಬ್ಬರೂ ಅಡುಗೆಮನೆಯಲ್ಲೇ ಕೂತರು. ಅವಳು ಸ್ಟೂಲಿನ ಮೇಲೆ, ಅವನು ನೆಲದ ಮೇಲೆ. ಬಿಸಿ ಅನ್ನ, ಮೇಲೆ ಕೆಂಪಗೆ ಹೊಳೆಯುವ ಬಾಡು. ಅವಳು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಗಲ್ಲದ ಒಂದು ಪಕ್ಕ ರಸ ಇಳಿಯಿತು. ಅವನು ಟವಲಿನಿಂದ ಒರೆಸಿದ. ತನ್ನ ತಟ್ಟೆಯನ್ನು ಇನ್ನೂ ಮುಟ್ಟಿರಲಿಲ್ಲ.

‘ನೀಲಮ್ಮ ಸಿಕ್ಕಿದ್ರು’ ಅಂದ. ‘ಚಲುವಕ್ಕನ್ನ ಕೇಳ್ದೆ ಅನ್ನಿ ಅಂದ್ರು.’

ಅಗಿಯುವುದು ನಿಂತಿತು. ಚಲುವಮ್ಮ ಅವನನ್ನು ನೋಡಿದಳು. ಮುಖ ಕೆಂಪಾಯಿತು, ಸಿಕ್ಕಿಬಿದ್ದ ಹುಡುಗಿಯ ಹಾಗೆ ಎಡಗೈ ಬಾಯಿಗೆ ಅಡ್ಡ ಹೋಯಿತು.

‘ಯಾಕಮ್ಮಿ ನಂಗೇಳ್ನಿಲ್ಲ? ಅವ್ವಂಗೆ ಹೆದ್ರಿಕಂಡಾ? ಇಲ್ಲ ನಾನು ಬೈತೀನಿ ಅಂತ…’ ಅಲ್ಲಿಗೆ ತುಟಿ ಕಚ್ಚಿದ. ಉತ್ತರವನ್ನೂ ತಾನೇ ಹೇಳಿಬಿಡುತ್ತಿದ್ದೇನಲ್ಲ ಅನ್ನಿಸಿತು. ಸುಮ್ಮನಾದ. ಎಣಿಸಲೂ ಇಲ್ಲ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ರಸ್ತೆಯ ಈ ತುದಿಯಿಂದ ಆ ತುದಿಗೆ ಹೋದ. ಚಲುವಮ್ಮನ ತುಟಿ ಮೂರು ಸಲ ಆಡಿತು. ‘ಪು…’ ಅಂದಳು, ತಲೆ ಕೊಡವಿದಳು. ಮತ್ತೆ ಪ್ರಯತ್ನಿಸಿದಳು. ಕೊನೆಗೆ ಅವನ ಕಡೆ ಬೆರಳು ಮಾಡಿ ಹೇಳಿದಳು.

‘ನಗ್ತೀಯ.’

ಅಷ್ಟೇ. ಕೋಪವಿರಲಿಲ್ಲ ಅದರಲ್ಲಿ. ಸರಿಯಾದ ಪದ ಸಿಕ್ಕಿತಲ್ಲ ಎಂಬ ಸಮಾಧಾನ ಮಾತ್ರ ಇತ್ತು.

ನಿಂಗಯ್ಯನಿಗೆ ಮದುವೆಯಾದ ಹೊಸತು ಕಣ್ಣ ಮುಂದೆ ಬಂತು. ಅವಳು ತವರಿನಿಂದ ಬಂದು ಬಸ್ಸಿಳಿದರೆ ಅವನು ಎಲ್ಲರೆದುರಿಗೂ ಮೂಗು ಮುಚ್ಚಿಕೊಂಡು, ‘ಅಬ್ಬಬ್ಬ, ಯಾರ ಮನೆ ಹಂದಿ ತಪ್ಪಿಸ್ಕೊಂಡು ಬಂತೋ’ ಅನ್ನುತ್ತಿದ್ದ. ತಮ್ಮಂದಿರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ತಮಾಷೆ ಅಂತಲೇ ಅವನು ತಿಳಿದಿದ್ದ. ಎಷ್ಟು ವರ್ಷ ಹಾಗೆ ಮಾಡಿದ್ದ? ಯಾವತ್ತು ನಿಲ್ಲಿಸಿದ್ದ? ನೆನಪಾಗಲಿಲ್ಲ. ನಿಲ್ಲಿಸಿದ್ದು ಅವನಲ್ಲ, ಅವಳೇ ತವರಿಂದ ಬರುವಾಗ ತಿಂದು ಬರುವುದನ್ನು ನಿಲ್ಲಿಸಿರಬೇಕು.

‘ತಪ್ಪಾಯ್ತು ಕಣಮ್ಮಿ’ ಅಂದ.

ಅವಳು ಅವನ ತಟ್ಟೆಯ ಕಡೆ ಗದ್ದ ಆಡಿಸಿದಳು. ನಿಂಗಯ್ಯ ಒಂದು ಚೂರು ಬಾಡು, ಒಂದು ಚೂರು ಕೋಸು ಅನ್ನದೊಳಗೆ ಸೇರಿಸಿ ಬಾಯಿಗಿಟ್ಟ. ಅರವತ್ತೆರಡು ವರ್ಷಕ್ಕೆ ಮೊದಲ ಸಲ. ಖಾರ ಮೂಗಿಗೇರಿತು, ಹಿಂದೆಯೇ ಬೆಲ್ಲದ ಸಿಹಿ ಬಂತು. ಬಾಡು ಅವನು ಅಂದುಕೊಂಡಿದ್ದಕ್ಕಿಂತ ಮೆದುವಾಗಿತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಮುನ್ನೂರು ಮಕ್ಕಳಿಗೆ ಬಡಿಸಿ ಮೊದಲ ಸಾಲಿನವರ ಮುಖ ನೋಡುತ್ತಿದ್ದಳಲ್ಲ, ಹಾಗೆ. ಅವನು ಇನ್ನೊಂದು ತುತ್ತು ತಿಂದ, ಮತ್ತೊಂದು. ಅನ್ನ ಖಾಲಿಯಾಗಿ ಮತ್ತೆ ಹಾಕಿಕೊಂಡ. ಆಗ ಅವಳು ನೋಡುವುದು ಬಿಟ್ಟು ತನ್ನ ಊಟಕ್ಕೆ ತಿರುಗಿದಳು.

ಮೂರು ಗಂಟೆಗೆ ತನುಶ್ರೀ ಬಂದಳು. ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡೇ ನೇರ ಅಡುಗೆಮನೆಗೆ ಬಂದು, ಬಾಣಲಿಯಿಂದ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡಳು. ‘ಅಯ್ಯಪ್ಪ! ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು ಇದನ್ನ?’

ನಿಂಗಯ್ಯ ಬಾಯಿ ತೆರೆದ. ಉರಿಯ ವಿಷಯ, ಕ್ಯಾರೆಟ್ಟಿನ ವಿಷಯ, ‘ಬ್ಯಾಡ’ ಅಂದ ವಿಷಯ, ಎಲ್ಲ ನಾಲಗೆಯ ತುದಿಯಲ್ಲಿತ್ತು. ಬಾಯಿ ಮುಚ್ಚಿದ. ಮಗಳಿಗೆ ಅಮ್ಮನ ಕಡೆ ಕಣ್ಣಲ್ಲೇ ತೋರಿಸಿದ. ತನುಶ್ರೀಗೆ ಅರ್ಥವಾಯಿತು. ಅವಳು ಬಾಗಿಲಿಗೆ ಒರಗಿ ನಿಂತಳು.

ಚಲುವಮ್ಮ ಸ್ಟೂಲಿನ ಮೇಲೆ ನೆಟ್ಟಗೆ ಕೂತಳು. ತುಟಿ ಒದ್ದೆ ಮಾಡಿಕೊಂಡಳು. ತಂದೆ ಮಗಳು ಇಬ್ಬರೂ ನಲ್ಲಿಯಿಂದ ಹನಿ ತೊಟ್ಟಿಕ್ಕುವುದನ್ನು ಕೇಳುತ್ತ ಕಾದರು. ಹತ್ತು ಹನಿ, ಹನ್ನೆರಡು ಹನಿ.

‘ನಿಮ್ಮಪ್ಪ’ ಅಂದಳು ಚಲುವಮ್ಮ. ಉಸಿರು ತೆಗೆದುಕೊಂಡಳು. ‘ನಿಮ್ಮಪ್ಪ… ಮಾಡಿದ್ದು.’

ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳಿತ್ತು. ನಿಂಗಯ್ಯ ತಿದ್ದಲು ಹೋಗಲಿಲ್ಲ. ಎದ್ದು ಮಗಳಿಗೊಂದು ತಟ್ಟೆ ಹುಡುಕಿದ.